ಎಣಿಕೆಗೆ ಸಿಗದವರ ಲೆಕ್ಕ

ಅಂಗವಿಕಲರಿಗಾಗಿ ಯಾವುದೇ ಯೋಜನೆ ರೂಪಿಸುವಾಗ ಸರ್ಕಾರ ಮೊದಲು ಕೇಳುವುದು ‘ಎಷ್ಟು ಜನ ಇದ್ದಾರೆ?’ ಎಂದು. ನಮ್ಮ ದೇಶದಲ್ಲಿ ಈ ಸರಳ ಪ್ರಶ್ನೆಗೆ ಉತ್ತರ ಪಡೆಯಲು ಹೋರಾಟವನ್ನೇ ನಡೆಸಬೇಕಾಯಿತು.

ಬ್ರಿಟಿಷರ ಕಾಲದಲ್ಲಿ, 1881ರಿಂದ 1931ರವರೆಗಿನ ಜನಗಣತಿಗಳು ನಾಲ್ಕು ‘ನ್ಯೂನತೆ’ಗಳನ್ನು ದಾಖಲಿಸುತ್ತಿದ್ದವು: ಬುದ್ಧಿಭ್ರಮಣೆ, ಕಿವುಡು-ಮೂಕತನ, ಕುರುಡು ಮತ್ತು ಕುಷ್ಠ. ಎರಡೂ ಕಣ್ಣು ಕಾಣದಿದ್ದರೆ ಮಾತ್ರ ಕುರುಡು. ಕಾಲು ಕಳೆದುಕೊಂಡವರಿಗೆ ಆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಮನೆಯವರು ಇಂಥ ಸಂಗತಿಗಳನ್ನು ಮುಚ್ಚಿಡುತ್ತಾರೆಂದು ಅಂದಿನ ಗಣತಿ ವರದಿಗಳೇ ಹೇಳುತ್ತವೆ. 1941ರಲ್ಲಿ ಈ ಪ್ರಶ್ನೆಯನ್ನೇ ಕೈಬಿಡಲಾಯಿತು.

ಸ್ವತಂತ್ರ ಭಾರತದ ಮೊದಲ ಮೂರು ಗಣತಿಗಳೂ ಅದನ್ನು ಕೇಳಲಿಲ್ಲ. ವಿಶ್ವಸಂಸ್ಥೆಯು 1981ನ್ನು ಅಂಗವಿಕಲರ ಅಂತರರಾಷ್ಟ್ರೀಯ ವರ್ಷವೆಂದು ಸಾರಿದ್ದರಿಂದ ಆ ಸಲದ ಗಣತಿಯಲ್ಲಿ ಪ್ರಶ್ನೆ ಮರಳಿತು. ಆದರೆ ಲೆಕ್ಕಕ್ಕೆ ಬಂದವರು ‘ಸಂಪೂರ್ಣ’ ಕುರುಡರು, ‘ಸಂಪೂರ್ಣ’ ಮೂಕರು, ‘ಸಂಪೂರ್ಣ’ ಹೆಳವರು ಮಾತ್ರ. 68 ಕೋಟಿ ಜನರಲ್ಲಿ ಸಿಕ್ಕವರು ಸುಮಾರು 11 ಲಕ್ಷ! 1991ರಲ್ಲಿ ಪ್ರಶ್ನೆ ಮತ್ತೆ ಮಾಯವಾಯಿತು.

1995ರ ಅಂಗವಿಕಲರ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇ 3ರಷ್ಟು ಮೀಸಲಾತಿ ನೀಡಿತು. ಪಾಲು ನಿಗದಿಯಾಯಿತು, ಪಾಲುದಾರರೆಷ್ಟು ಎಂಬುದು ತಿಳಿಯಲಿಲ್ಲ. 2001ರ ಗಣತಿಯಲ್ಲೂ ಪ್ರಶ್ನೆ ಕೇಳಲು ಅಧಿಕಾರಿಗಳು ಮೊದಲು ಒಪ್ಪಲಿಲ್ಲ. ಜಾವೇದ್ ಅಬಿದಿ ಮೊದಲಾದವರ ಮುಂದಾಳತ್ವದಲ್ಲಿ ಅಂಗವಿಕಲರೇ ಹೋರಾಟಕ್ಕಿಳಿದ ಮೇಲೆ ಅದು 15ನೇ ಪ್ರಶ್ನೆಯಾಗಿ ಸೇರಿತು. ಸಿಕ್ಕ ಲೆಕ್ಕ 2.19 ಕೋಟಿ. ಇಪ್ಪತ್ತು ವರ್ಷಗಳಲ್ಲಿ ಅಂಗವಿಕಲರು ಸುಮಾರು ಇಪ್ಪತ್ತು ಪಟ್ಟು ಹೆಚ್ಚಿದರೇ? ಖಂಡಿತ ಇಲ್ಲ. ಹಿಗ್ಗಿದ್ದು ಪ್ರಶ್ನೆಯ ವ್ಯಾಪ್ತಿ. ಒಂದು ಕಣ್ಣು ಮಾತ್ರ ಕಾಣುವವರೂ ಈ ಸಲ ಪಟ್ಟಿಗೆ ಸೇರಿದ್ದರು.

2011ರಲ್ಲಿ ಎಂಟು ಬಗೆಯ ವೈಕಲ್ಯಗಳನ್ನು ಕೇಳಲಾಯಿತು. ಸಿಕ್ಕವರು 2.68 ಕೋಟಿ, ಅವರಲ್ಲಿ ಕರ್ನಾಟಕದವರು 13 ಲಕ್ಷಕ್ಕೂ ಹೆಚ್ಚು. ಅಂದರೆ ದೇಶದಲ್ಲಿ 45 ಜನರಿಗೆ ಒಬ್ಬರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಾದರೋ ಜಗತ್ತಿನ ಆರು ಜನರಲ್ಲಿ ಒಬ್ಬರಿಗೆ ಗಣನೀಯ ವೈಕಲ್ಯವಿದೆ. ಎರಡರ ಅಳತೆಗೋಲೂ ಬೇರೆ ನಿಜ. ಆದರೂ ಇಷ್ಟು ದೊಡ್ಡ ಅಂತರ ಯೋಚನೆಗೆ ಹಚ್ಚುತ್ತದೆ.

2016ರ ಹೊಸ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಮೀಸಲಾತಿಯನ್ನು ಶೇ 4ಕ್ಕೆ ಏರಿಸಿತು. ಆದರೆ 2021ರ ಗಣತಿ ನಡೆಯಲೇ ಇಲ್ಲ. ಅದೀಗ 2027ಕ್ಕೆ ನಿಗದಿಯಾಗಿದೆ. ಗಣತಿದಾರರು ಸರಿಯಾಗಿ ಕೇಳಬೇಕು; ಒಳಕೋಣೆಯಲ್ಲಿರುವ ಮಗುವಿನ ಸ್ಥಿತಿಯನ್ನು ಮನೆಯವರೂ ಸಂಕೋಚವಿಲ್ಲದೆ ಹೇಳಬೇಕು. ಲೆಕ್ಕಕ್ಕೇ ಬಾರದವರಿಗಾಗಿ ಯಾವ ಸರ್ಕಾರವೂ ಹಣ ತೆಗೆದಿಡುವುದಿಲ್ಲ.