ಹಲ್ಲಿಯ ಹೊಟ್ಟೆಯನ್ನು ಅರಿತವರು

ಹಲ್ಲಿ ಲೊಚಗುಟ್ಟಿದರೆ ಅದಕ್ಕೊಂದು ಅರ್ಥ ಹೇಳುವ ಶಾಸ್ತ್ರ ನಮ್ಮಲ್ಲಿ ಉಂಟು. ಯಾವ ದಿಕ್ಕಿನಲ್ಲಿ ನುಡಿದರೆ ಶುಭ, ಮೈಮೇಲೆ ಎಲ್ಲಿ ಬಿದ್ದರೆ ಅಶುಭ ಎಂಬುದನ್ನು ಪಂಚಾಂಗದ ಹಾಳೆಗಳಲ್ಲಿ ಈಗಲೂ ಕಾಣಬಹುದು. ಆದರೆ ಆ ಹಲ್ಲಿಗೇ ಹೊಟ್ಟೆ ನೊಂದರೆ ಅದನ್ನು ಅರಿಯುವ ಬಗೆ ಹೇಗೆ ಎಂದು ಕೇಳಿ ನೋಡಿ. ಯಾವ ಪಂಚಾಂಗವೂ ಬಾಯಿ ಬಿಡದು. ನಾಯಿಗೆ ನೋವಾದರೆ ನರಳುತ್ತದೆ. ಹಸು ಮೆಲುಕು ಹಾಕುವುದನ್ನು ನಿಲ್ಲಿಸುತ್ತದೆ. ಹಲ್ಲಿ, ಓತಿ, ಗೋಸುಂಬೆ, ಉಡ, ಹಾವುರಾಣಿ ಎಂಬ ಈ ಕುಲದ ಪ್ರಾಣಿಗಳಾದರೋ ಕಲ್ಲಿನಂತೆ ಕುಳಿತಿರುವುದೇ ಸ್ವಭಾವವಾಗಿ ಉಳ್ಳವು. ಆರೋಗ್ಯದಲ್ಲಿಯೂ ಹಾಗೆಯೇ, ರೋಗದಲ್ಲಿಯೂ ಬಹುಮಟ್ಟಿಗೆ ಹಾಗೆಯೇ. ಇಂಥ ಮೂಕಜೀವಿಯ ಹೊಟ್ಟೆಯ ಸಮಾಚಾರವನ್ನು ಮನುಷ್ಯನು ಓದಲು ಕಲಿತದ್ದು ಒಂದು ಸ್ವಾರಸ್ಯವಾದ ಚರಿತ್ರೆ.

ಸರೀಸೃಪಗಳಿಗೆಂದೇ ಒಂದು ಮನೆಯನ್ನು ಜಗತ್ತಿನಲ್ಲಿ ಮೊದಲು ತೆರೆದದ್ದು ಲಂಡನ್ನಿನ ಮೃಗಾಲಯ. ಅದು 1849ನೆಯ ಇಸವಿಯ ಮಾತು. ದೂರದೂರದ ಬಿಸಿಲುನಾಡುಗಳಿಂದ ಹಾವುಗಳೂ ಹಲ್ಲಿಗಳೂ ಅಲ್ಲಿಗೆ ಬಂದುವು. ಜನ ಕಿಕ್ಕಿರಿದು ನೋಡಿದರು. ಆದರೆ ಹಿಂದಿನ ಕಾಲದ ಸಂಗ್ರಹಾಲಯಗಳಲ್ಲಿ ಇಂಥ ಪ್ರಾಣಿಗಳು ಬಹುಕಾಲ ಬಾಳುವುದು ಅಪರೂಪವಾಗಿತ್ತು. ಆಹಾರವಿರುತ್ತಿತ್ತು, ನೀರಿರುತ್ತಿತ್ತು, ಆದರೂ ಪ್ರಾಣಿ ದಿನದಿನಕ್ಕೆ ಸೊರಗಿ ಸಾಯುತ್ತಿತ್ತು. ಕೊರತೆ ಎಲ್ಲಿ?

ಈ ಪ್ರಶ್ನೆಯನ್ನು ಮನಸ್ಸಿಗೆ ಹಚ್ಚಿಕೊಂಡವರಲ್ಲಿ ಜೋನ್ ಬೋಷಾಂಪ್ ಪ್ರಾಕ್ಟರ್ ಎಂಬ ಹೆಣ್ಣುಮಗಳನ್ನು ಮೊದಲು ನೆನೆಯಬೇಕು. ಲಂಡನ್ನಿನಲ್ಲಿ 1897ರಲ್ಲಿ ಹುಟ್ಟಿದ ಈಕೆಗೆ ಬಾಲ್ಯದಲ್ಲಿ ಗೊಂಬೆಗಳಿಗಿಂತ ಹಲ್ಲಿಗಳ ಮೇಲೆ ಅಕ್ಕರೆ. ಹತ್ತು ವರ್ಷದ ಹುಡುಗಿಯಾಗಿದ್ದಾಗ ಡಾಲ್ಮೇಷಿಯಾ ದೇಶದ ಹಲ್ಲಿಯೊಂದು ಆಕೆಯ ಅಚ್ಚುಮೆಚ್ಚಿನ ಸಂಗಾತಿಯಾಗಿತ್ತು. ಹದಿನಾರನೆಯ ವಯಸ್ಸಿನಲ್ಲಿ ಮೊಸಳೆಯ ಮರಿಯನ್ನು ಶಾಲೆಗೇ ತಂದಿದ್ದರಂತೆ. ಆ ತರಗತಿಯ ಉಪಾಧ್ಯಾಯರ ಅವಸ್ಥೆಯನ್ನು ನನ್ನಂಥವನು ಚೆನ್ನಾಗಿ ಊಹಿಸಬಲ್ಲೆ!

ವಿಧಿಯ ಚಮತ್ಕಾರವನ್ನು ನೋಡಿ. ಪ್ರಾಣಿಗಳ ಹೊಟ್ಟೆಯನ್ನು ಕಾಯಬೇಕಾಗಿದ್ದ ಈಕೆಗೆ ಚಿಕ್ಕಂದಿನಿಂದಲೂ ಕರುಳಿನ ಬೇನೆ. ಆ ಕಾರಣದಿಂದಲೇ ವಿಶ್ವವಿದ್ಯಾನಿಲಯದ ಓದು ಕೈಬಿಟ್ಟುಹೋಯಿತು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಬೂಲೆಂಜರ್ ಎಂಬ ದೊಡ್ಡ ವಿದ್ವಾಂಸರ ಕೈಕೆಳಗೆ ಕೆಲಸ ಕಲಿತು, 1923ರಲ್ಲಿ ಲಂಡನ್ ಮೃಗಾಲಯದ ಸರೀಸೃಪ ವಿಭಾಗದ ಮೇಲ್ವಿಚಾರಕಿಯಾದರು.

ಆಕೆ ರೂಪಿಸಿದ ಹೊಸ ಸರೀಸೃಪಗೃಹ 1927ರಲ್ಲಿ ತೆರೆಯಿತು. ಅದರಲ್ಲಿ ಎರಡು ವಿಶೇಷಗಳಿದ್ದುವು. ಮೊದಲನೆಯದು, ವಿದ್ಯುತ್ತಿನ ನೆರವಿನಿಂದ ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ಪ್ರಮಾಣದ ಶಾಖ. ಎರಡನೆಯದು, ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯದೆ ಒಳಕ್ಕೆ ಬಿಡುವ ವಿಶೇಷವಾದ ಗಾಜು. ಇವೆರಡೂ ವೈಭವಕ್ಕಾಗಿ ಮಾಡಿದವಲ್ಲ; ಪ್ರಾಣಿಯ ಆರೋಗ್ಯದ ಗುಟ್ಟೇ ಇವುಗಳಲ್ಲಿತ್ತು. ಅದನ್ನು ನಮ್ಮ ಮಾತಿನಲ್ಲಿಯೇ ಹೇಳುತ್ತೇನೆ.

ಉಂಡದ್ದನ್ನು ಅರಗಿಸುವ ಶಕ್ತಿಗೆ ನಮ್ಮ ಹಿರಿಯರು ಜಠರಾಗ್ನಿ ಎಂದು ಹೆಸರಿಟ್ಟರು. ನಮ್ಮ ಮೈಯ ಶಾಖವನ್ನು ನಮ್ಮ ಮೈಯೇ ಹುಟ್ಟಿಸಿಕೊಳ್ಳುತ್ತದೆ. ಹಲ್ಲಿಗೆ ಆ ಭಾಗ್ಯವಿಲ್ಲ. ಅದು ಶಾಖವನ್ನು ಸೂರ್ಯನಿಂದಲೋ ಕಾದ ಬಂಡೆಯಿಂದಲೋ ಕಡ ತರಬೇಕು. ಕಡ ಸಿಕ್ಕದಿದ್ದರೆ ಜೀರ್ಣರಸಗಳು ಕೆಲಸ ಮಾಡವು. ಕರುಳಿನ ಚಲನೆ ಮಂದವಾಗುತ್ತದೆ. ನುಂಗಿದ ಆಹಾರ ಹೊಟ್ಟೆಯಲ್ಲಿಯೇ ಕೊಳೆಯುತ್ತದೆ. ಇನ್ನು ಅತಿನೇರಳೆ ಕಿರಣದ ಮಾತು. ಅದು ಚರ್ಮಕ್ಕೆ ತಾಕಿದಾಗ ಡಿ ಜೀವಸತ್ವ ಹುಟ್ಟುತ್ತದೆ. ಅದಿಲ್ಲದೆ ಆಹಾರದ ಸುಣ್ಣದಂಶ ಮೈಗೆ ಹತ್ತುವುದಿಲ್ಲ. ಸುಣ್ಣದಂಶ ಕುಂದಿದರೆ ಮೂಳೆ ಮೆತ್ತಗಾಗುವುದಷ್ಟೇ ಅಲ್ಲ, ಕರುಳಿನ ಸ್ನಾಯುಗಳೂ ಸೋತು ಮಲಬದ್ಧತೆ ಉಂಟಾಗುತ್ತದೆ.

ಅದೇ 1927ರಲ್ಲಿ ಪೂರ್ವದ್ವೀಪಗಳಿಂದ ಎರಡು ಕೊಮೊಡೊ ಉಡಗಳು ಲಂಡನ್ನಿಗೆ ಬಂದುವು. ಸುಂಬಾವಾ, ಸುಂಬಾ ಎಂದು ಅವುಗಳ ಹೆಸರು. ನಮ್ಮ ಹೊಲಗದ್ದೆಗಳ ಉಡಕ್ಕೆ ಇವು ದೊಡ್ಡ ದಾಯಾದಿಗಳು. ಎಲ್ಲಕ್ಕೂ ಕುಲ ಒಂದೇ. ನರಭಕ್ಷಕವೆಂದು ಜನ ಅಂಜುತ್ತಿದ್ದ ಸುಂಬಾವಾವನ್ನು ಪ್ರಾಕ್ಟರ್ ಎಷ್ಟು ಚೆನ್ನಾಗಿ ಪಳಗಿಸಿದರೆಂದರೆ, 1928ರ ಅಕ್ಟೋಬರಿನಲ್ಲಿ ಪ್ರಾಣಿಶಾಸ್ತ್ರ ಸಂಘದ ಸಭೆಗೇ ಅದನ್ನು ಕರೆತಂದರು. ವಿದ್ವಾಂಸರೆಲ್ಲ ನೋಡುತ್ತಿರುವಂತೆಯೇ ಅದು ಆಕೆಯ ಕೈಯಿಂದ ಕೋಳಿ, ಮೊಟ್ಟೆ, ಪಾರಿವಾಳಗಳನ್ನು ತಿಂದಿತು. ರೋಗಿಯಾದ ಪ್ರಾಣಿ ಹೀಗೆ ಉಣ್ಣಲಾರದು. ಆ ಉಡದ ಹಸಿವೇ ಆಕೆಯ ಆರೈಕೆಗೆ ಸಂದ ಪ್ರಶಸ್ತಿಪತ್ರ. ಆಕೆಯ ಸ್ವಂತ ಕಾಯಿಲೆ ಮಾತ್ರ ಬಿಡಲಿಲ್ಲ. ಕೊನೆಗಾಲದಲ್ಲಿ ವಿದ್ಯುತ್ತಿನ ಗಾಲಿಕುರ್ಚಿಯಲ್ಲಿ ಕುಳಿತು ಮೃಗಾಲಯವನ್ನು ಸುತ್ತುತ್ತಿದ್ದರು. 1931ರಲ್ಲಿ, 34ನೆಯ ವಯಸ್ಸಿಗೇ ತೀರಿಕೊಂಡರು.

ಪ್ರಾಕ್ಟರ್ ಕೈಕೆಲಸದಲ್ಲಿ ತೋರಿಸಿದ್ದಕ್ಕೆ ಶಾಸ್ತ್ರದ ತಳಹದಿ ದೊರೆತದ್ದು 1944ರಲ್ಲಿ. ಅಮೆರಿಕದ ಕೌಲ್ಸ್ ಮತ್ತು ಬೋಗರ್ಟ್ ಎಂಬಿಬ್ಬರು ಮರುಭೂಮಿಯ ಹಲ್ಲಿಗಳನ್ನು ಪರೀಕ್ಷಿಸಿ, ಅವು ಬಿಸಿಲಿಗೂ ನೆರಳಿಗೂ ಓಡಾಡುತ್ತ ತಮ್ಮ ಮೈಶಾಖವನ್ನು ತಾವೇ ಹದದಲ್ಲಿಟ್ಟುಕೊಳ್ಳುತ್ತವೆಂದು ತೋರಿಸಿದರು. ಅಂದರೆ ಗೂಡಿಗೆಲ್ಲ ಒಂದೇ ಸಮನಾದ ಶಾಖ ಸಾಲದು. ಒಂದು ಮೂಲೆ ಕಾದಿರಬೇಕು, ಇನ್ನೊಂದು ತಂಪಾಗಿರಬೇಕು.

ಮೂರನೆಯ ಪಾಠ 1982ರಲ್ಲಿ ಬಂದಿತು. ಮಧ್ಯ ಮತ್ತು ದಕ್ಷಿಣ ಅಮೆರಿಕದ ಹಸಿರು ಇಗುವಾನ ಶುದ್ಧ ಸಸ್ಯಾಹಾರಿ. ಎಲೆಯ ನಾರನ್ನು ಅದರ ದೊಡ್ಡ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ಹುದುಗಿಸಿ ಕೊಡುತ್ತವೆ. ಈ ಜೀವಿಗಳನ್ನು ಮರಿಗಳು ದೊಡ್ಡ ಇಗುವಾನಗಳ ಸಹವಾಸದಿಂದ, ಅವುಗಳ ಹಿಕ್ಕೆಯನ್ನು ತಿಂದು ಪಡೆಯುತ್ತವೆಂದು ಕ್ಯಾಥರಿನ್ ಟ್ರಾಯರ್ ಎಂಬ ವಿದುಷಿ ಕಂಡುಹಿಡಿದರು. ಕೇಳಲು ಹೇಸಿಗೆ, ಆದರೆ ಮರಿಯ ಬಾಳು ನಿಂತಿರುವುದು ಅದರ ಮೇಲೆಯೇ. ಇಂಥ ಪ್ರಾಣಿಗೆ ಅಕ್ಕರೆಯಿಂದ ಮಾಂಸ ತಿನ್ನಿಸಿದರೆ ಅದು ಉಪಕಾರವಾಗದೆ ಅಪಕಾರವಾಗುತ್ತದೆ.

ಹೀಗೆ ಕೂಡಿಬಂದ ಅರಿವಿನಿಂದ ಹಲ್ಲಿ ಸಾಕುವವರಿಗೆ ಇಂದು ಕೆಲವು ಸ್ಪಷ್ಟವಾದ ಚಿಹ್ನೆಗಳು ದೊರೆತಿವೆ. ಮೊದಲು ನೋಡಬೇಕಾದದ್ದು ಹಿಕ್ಕೆ. ಆರೋಗ್ಯವಾದ ಹಲ್ಲಿಯ ಹಿಕ್ಕೆಯಲ್ಲಿ ಕಪ್ಪು ಮಲ, ಅದರ ತುದಿಗೆ ಬಿಳಿಯ ಯೂರಿಕ್ ಆಮ್ಲದ ಮುದ್ದೆ, ಒಂದಿಷ್ಟು ನೀರು ಕಾಣುತ್ತವೆ. ನಮ್ಮ ಗೋಡೆಯ ಮೇಲಿನ ಹಲ್ಲಿಯಲ್ಲಿಯೂ ಈ ಕಪ್ಪುಬಿಳುಪನ್ನು ನೀವು ಕಂಡಿರುತ್ತೀರಿ. ಬಿಳಿಯ ಭಾಗ ಹಳದಿಗೆ ತಿರುಗಿ ಗಟ್ಟಿಯಾದರೆ ಮೈಯಲ್ಲಿ ನೀರು ಕಡಮೆಯಾಗಿದೆಯೆಂದು ಸಂಶಯಪಡಬೇಕು. ಮಲ ತೆಳುವಾಗಿ ದುರ್ವಾಸನೆ ಬಂದರೆ, ರಕ್ತ ಕಂಡರೆ, ತಿಂದ ಹುಳು ಹಾಗೆಯೇ ಹೊರಬಿದ್ದರೆ, ಪರೋಪಜೀವಿಗಳೋ ಶಾಖದ ಕೊರತೆಯೋ ಕಾರಣವಿರಬಹುದು. ತಿಂದದ್ದನ್ನು ಕಕ್ಕುವುದಂತೂ ಅಲಕ್ಷಿಸಬಾರದ ಚಿಹ್ನೆ. ಮಲವೇ ಬಾರದೆ ಹೊಟ್ಟೆ ಉಬ್ಬಿ, ಹಿಂಗಾಲುಗಳು ಸೋತರೆ, ನುಂಗಿದ ಮರಳು ಕರುಳಿಗೆ ಅಡ್ಡ ಕಟ್ಟಿರಬಹುದು.

ಎರಡನೆಯದು ಬಾಲ. ಲೆಪರ್ಡ್ ಗೆಕ್ಕೊ ಎಂಬ ಚುಕ್ಕೆಯ ಹಲ್ಲಿ ತನ್ನ ಕೊಬ್ಬನ್ನು ಬಾಲದಲ್ಲಿ ಕೂಡಿಡುತ್ತದೆ. ಬಾಲ ದಪ್ಪಗಿದ್ದರೆ ಕಣಜ ತುಂಬಿದೆ ಎಂದರ್ಥ. ತಿನ್ನುತ್ತಿದ್ದರೂ ಬಾಲ ಕಡ್ಡಿಯಾದರೆ ಕ್ರಿಪ್ಟೊಸ್ಪೊರಿಡಿಯಮ್ ಎಂಬ ಸೂಕ್ಷ್ಮಜೀವಿ ಕರುಳಿಗೆ ಹೊಕ್ಕಿರುವ ಭಯವುಂಟು; ಅದು ಒಂದರಿಂದ ಇನ್ನೊಂದಕ್ಕೆ ಹರಡುವುದರಿಂದ ಆ ಪ್ರಾಣಿಯನ್ನು ಬೇರೆಯಾಗಿಡಬೇಕು. ಮೂರನೆಯದು ತೂಕ. ವಾರಕ್ಕೊಮ್ಮೆ ತಕ್ಕಡಿಯಲ್ಲಿಟ್ಟು ಬರೆದಿಟ್ಟರೆ, ಕಣ್ಣಿಗೆ ಕಾಣದ ಸೊರಗು ಅಂಕಿಯಲ್ಲಿ ಕಾಣುತ್ತದೆ. ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿಗೆ ಕೈಹಾಕದೆ, ಗೂಡಿನ ಶಾಖವನ್ನು ಪರೀಕ್ಷಿಸಿ, ಹೊಸ ಹಿಕ್ಕೆಯೊಡನೆ ಪಶುವೈದ್ಯರ ಬಳಿ ಹೋಗುವುದು ವಿವೇಕ.

ಒಂದು ಎಚ್ಚರಿಕೆ. ಇದನ್ನೋದಿದ ಮಕ್ಕಳು ಉಡವನ್ನೋ ಗೋಸುಂಬೆಯನ್ನೋ ಹಿಡಿದು ತರಲು ಹೊರಡಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅವನ್ನು ಹಿಡಿಯುವುದೂ ಸಾಕುವುದೂ ಅಪರಾಧ. ನಿಮ್ಮ ಮನೆಯ ದೀಪದ ಬಳಿ ಹುಳುಗಳನ್ನು ಕಾಯುವ ಹಲ್ಲಿಯನ್ನು ಅದರ ಪಾಡಿಗೆ ಬಿಟ್ಟು ಗಮನಿಸಿದರೆ ಸಾಕು. ಮಾತಿಲ್ಲದ ಜೀವಿಯ ಕಷ್ಟವನ್ನು ಅದು ತಿಂದದ್ದು, ಬಿಟ್ಟದ್ದು, ಕುಳಿತ ಬಗೆ ಇವುಗಳಿಂದ ತಿಳಿಯುವುದೂ ಒಂದು ಬಗೆಯ ಓದು. ಅದನ್ನು ಕಲಿತವನಿಗೆ, ಹೇಳಿಕೊಳ್ಳಲಾರದ ಕೂಸಿನ ನೋವಾಗಲಿ ಮುದುಕರ ನೋವಾಗಲಿ ಬೇಗ ಕಾಣದೆ ಇರುವುದಿಲ್ಲ.