ಸೂರ್ಯಾರಾಧನೆ ಮತ್ತು ಸೂರ್ಯಚಿತ್ರಣ (ಉತ್ತರ ಕರ್ನಾಟಕ)

ಹಿಂದೂ ಸಂಪ್ರದಾಯದಲ್ಲಿ ಸೂರ್ಯ ಪ್ರತ್ಯಕ್ಷ ದೈವ; ಅವನ ಪೂಜೆಗೆ ವಿಗ್ರಹ ಬೇಕೆಂಬ ಕಟ್ಟಿಲ್ಲ. ಸಂಧ್ಯಾವಂದನೆಯ ಅರ್ಘ್ಯ ನೇರವಾಗಿ ಅವನಿಗೇ ಸಲ್ಲುತ್ತದೆ; ಗಾಯತ್ರಿ ಮಂತ್ರದ ದೇವತೆ ಸವಿತೃ. ಸ್ಮಾರ್ತರ ಪಂಚಾಯತನ ಪೂಜೆಯಲ್ಲಿ ಸ್ಫಟಿಕವೇ ಸೂರ್ಯನ ಕುರುಹು. ಹೀಗೆ ಕಣ್ಣೆದುರೇ ಇರುವ ದೇವರಿಗೂ ಕನ್ನಡ ನಾಡು ಕಲ್ಲಿನಲ್ಲಿ, ಕಾಗದದಲ್ಲಿ ರೂಪ ಕೊಟ್ಟಿದೆ.

ಆಚರಣೆ: ಹುಬ್ಬಳ್ಳಿ–ಧಾರವಾಡದ ಕಡೆ ಮಾಘ ಶುದ್ಧ ಸಪ್ತಮಿಯಂದು ರಥಸಪ್ತಮಿ. ಎಕ್ಕದ ಎಲೆಗಳನ್ನು ತಲೆ, ಭುಜಗಳ ಮೇಲಿಟ್ಟುಕೊಂಡು ಸ್ನಾನ ಮಾಡುತ್ತಾರೆ. ರಂಗೋಲಿಯಲ್ಲಿ ಸೂರ್ಯನ ರಥ ಬರೆದು, ಬಿಸಿಲು ಬೀಳುವೆಡೆ ಕುಳ್ಳಿನ ಉರಿಯಲ್ಲಿ ಹಾಲು ಉಕ್ಕಿಸುತ್ತಾರೆ. ನವಗ್ರಹ ಪೂಜೆಯಲ್ಲಿ ಸೂರ್ಯನ ಸ್ಥಾನ ನಡುವೆ. ಅವನ ಧಾನ್ಯ ಗೋಧಿ, ಸಮಿಧೆ ಎಕ್ಕ.

ಶಿಲ್ಪ: ಐಹೊಳೆಯ ದುರ್ಗ ಗುಡಿಗೆ ಆ ಹೆಸರು ಬಂದದ್ದು ಕೋಟೆಯಿಂದ. ಬಾದಾಮಿ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನ (733–744) ಕಾಲದ ದ್ವಾರ ಶಾಸನ ಅದನ್ನು ಆದಿತ್ಯನ ಆಲಯವೆಂದು ಹೇಳುತ್ತದೆ. ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಪೂರ್ವ ಮುಖಮಂಟಪದ ಚಾವಣಿಯಲ್ಲಿ ಏಳು ಕುದುರೆಗಳ ರಥವೇರಿದ ಸೂರ್ಯನಿದ್ದಾನೆ. 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದ ಲಕ್ಕುಂಡಿಯಲ್ಲಿ, ಕಾಶಿವಿಶ್ವೇಶ್ವರನಿಗೆ ಎದುರಾಗಿ ಪಶ್ಚಿಮಾಭಿಮುಖವಾದ ಸೂರ್ಯನ ಗರ್ಭಗುಡಿ ಇದೆ. ಉತ್ತರ ಭಾರತದ ಸೂರ್ಯಮೂರ್ತಿಗಳ ಕಾಲಲ್ಲಿ ಸಾಮಾನ್ಯವಾಗಿ ಎತ್ತರದ ಪಾದರಕ್ಷೆ ಇದ್ದರೆ, ದಕ್ಷಿಣದವು ಬರಿಗಾಲಿನವು. ಎರಡು ಕೈಗಳಲ್ಲಿ ಕಮಲ ಎರಡೂ ಕಡೆ ಸಮಾನ.

ಚಿಕಣಿ ಚಿತ್ರಕಲೆ: ಸೂರ್ಯವಂಶದವರೆಂದು ಹೇಳಿಕೊಂಡ ಮೇವಾಡದ ರಾಣಾಗಳ ಆಸ್ಥಾನ ಚಿತ್ರಗಳಲ್ಲಿ ಸೂರ್ಯನ ಮುಖ ರಾಜಲಾಂಛನವಾಯಿತು. ವಿಜಯಪುರದಲ್ಲಿ ಒಂದನೆಯ ಅಲಿ ಆದಿಲ್ ಶಾಹನ ಆಳ್ವಿಕೆಯಲ್ಲಿ 1570ರಲ್ಲಿ ಸಿದ್ಧವಾದ ‘ನುಜೂಮ್ ಅಲ್ ಉಲೂಮ್’ ಹಸ್ತಪ್ರತಿ ಜ್ಯೋತಿಷವನ್ನು ನೂರಾರು ಚಿತ್ರಗಳಲ್ಲಿ ತೋರಿಸುತ್ತದೆ. ಅದು ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಗ್ರಹನಿಧಿಯೂ ಒಂದು. ಇದರಲ್ಲಿ ದೇವತೆಯ ಚಿತ್ರದೊಂದಿಗೆ ಧ್ಯಾನಶ್ಲೋಕವನ್ನು ಕನ್ನಡ ಲಿಪಿಯಲ್ಲಿ ಬರೆಯಲಾಗಿದೆ.

ಮಹತ್ವ: ಬಣ್ಣ, ಆಯುಧ, ವಾಹನಗಳನ್ನು ಧ್ಯಾನಶ್ಲೋಕ ನಿಗದಿಪಡಿಸುತ್ತದೆ, ಪೂಜಿಸುವವನು ಅದನ್ನು ಮನಸ್ಸಿನಲ್ಲಿ ಕಾಣುತ್ತಾನೆ, ಚಿತ್ರಕಾರ ಹಾಳೆಯ ಮೇಲೆ. ಆದ್ದರಿಂದ ಸೂರ್ಯನ ಚಿತ್ರಗಳನ್ನು ಆರಾಧನೆಯಿಂದ ಬೇರ್ಪಡಿಸಿ ಬರೀ ಅಲಂಕಾರವೆಂದು ನೋಡಿದರೆ ಅವುಗಳ ಅರ್ಥ ಕೈತಪ್ಪುತ್ತದೆ.