ಬ್ರಹ್ಮಾವರದಲ್ಲಿ ಕಾಲ್ಸೆಡನ್ ನೆರಳು

ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲಿ ಗೋವಾ ಮೂಲದ, ಕೊಂಕಣಿ ಮನೆಮಾತಿನ ಕ್ರೈಸ್ತ ಸಮುದಾಯವೊಂದಿದೆ. ಕರಾವಳಿಯ ಕೊಂಕಣಿ ಕ್ರೈಸ್ತರಲ್ಲಿ ಹೆಚ್ಚಿನವರು ರೋಮಿನ ಪೋಪರ ಅನುಯಾಯಿಗಳು. ಇವರು ಮಾತ್ರ ಸಿರಿಯನ್ ಆರ್ಥೊಡಾಕ್ಸ್ ಪರಂಪರೆಯವರು. ಇದರ ಹಿಂದೆ ಎರಡು ಅರಸೊತ್ತಿಗೆಗಳ ಕತೆಯಿದೆ.

ಕ್ರಿ.ಶ. 451ರಲ್ಲಿ ಪೂರ್ವ ರೋಮನ್ ಚಕ್ರವರ್ತಿ ಮಾರ್ಸಿಯನ್, ರಾಜಧಾನಿ ಕಾನ್‌ಸ್ಟಾಂಟಿನೋಪಲ್ ಎದುರಿನ ಕಾಲ್ಸೆಡನ್‌ನಲ್ಲಿ ಬಿಷಪರ ಮಹಾಸಭೆ ಕರೆದ. ಕ್ರಿಸ್ತ ಒಬ್ಬನೇ, ಆದರೆ ಅವನಲ್ಲಿ ದೈವಿಕ, ಮಾನವ ಎಂಬ ಎರಡು ಸ್ವಭಾವಗಳಿವೆ ಎಂದು ಸಭೆ ಸಾರಿತು. ಈಜಿಪ್ಟ್, ಸಿರಿಯಾಗಳಲ್ಲಿ ಅನೇಕರು ಇದನ್ನು ಒಪ್ಪಲಿಲ್ಲ. ಚಕ್ರವರ್ತಿ ರಾಜಶಾಸನದ ಬಲದಿಂದ ನಿರ್ಣಯ ಹೇರಿದ. ಅಲೆಕ್ಸಾಂಡ್ರಿಯಾದ ಡಯಾಸ್ಕೋರಸ್ ಗಡೀಪಾರಾದರು. 518ರಲ್ಲಿ ಅಂತಿಯೋಕ್‌ನ ಸೆವೆರಸ್ ಪೀಠ ತೊರೆದು ಈಜಿಪ್ಟಿಗೆ ಓಡಬೇಕಾಯಿತು. ಆದರೂ ಸಿರಿಯನ್ ಪರಂಪರೆ ಉಳಿಯಿತು, ಕೇರಳದಲ್ಲೂ ಬೇರೂರಿತು.

ಇತ್ತ ಗೋವಾದಲ್ಲಿ ಬಿಷಪರನ್ನು ಸೂಚಿಸುವ ಹಕ್ಕು ಪೋರ್ಚುಗಲ್ ದೊರೆಯದಾಗಿತ್ತು. ಇದೇ 'ಪದ್ರುವಾದೊ'. 1886ರಲ್ಲಿ ಪೋಪ್ 13ನೇ ಲಿಯೊ ಹಾಗೂ ಪೋರ್ಚುಗಲ್ ನಡುವೆ ಒಪ್ಪಂದವಾಗಿ, ಗೋವಾ ಅಧೀನದ ಹಲವು ಚರ್ಚುಗಳು ರೋಮಿನ ನೇರ ಆಡಳಿತಕ್ಕೆ ಹೋದವು. ಇದನ್ನು ಪ್ರತಿಭಟಿಸಿದ ಗೋವಾದ ಪಾದ್ರಿ ಆಲ್ವಾರಿಸ್ 1889ರಲ್ಲಿ ಕೊಟ್ಟಾಯಂನಲ್ಲಿ ಸಿರಿಯನ್ ಬಿಷಪರಾಗಿ ದೀಕ್ಷೆ ಪಡೆದರು. ಫಾದರ್ ನೊರೊನ್ಹಾ ಅವರ ನೇತೃತ್ವದಲ್ಲಿ ಬ್ರಹ್ಮಾವರದ ಕುಟುಂಬಗಳೂ ಅದೇ ದಾರಿ ಹಿಡಿದವು.

ಅವರನ್ನು ಕೆರಳಿಸಿದ್ದು ಕ್ರಿಸ್ತನ ಸ್ವಭಾವದ ತರ್ಕವಲ್ಲ. ತಮ್ಮ ಚರ್ಚಿನ ಯಜಮಾನಿಕೆ ಯಾರದೆಂಬ ಪ್ರಶ್ನೆ. ಆಗ ಅವರಿಗೆ ಆಸರೆ ಕೊಟ್ಟದ್ದು, 14 ಶತಮಾನಗಳ ಹಿಂದೆ ಚಕ್ರವರ್ತಿಯ ಆಜ್ಞೆಗೆ ತಲೆಬಾಗದೆ ಉಳಿದ ಚರ್ಚು.